ಎರಡು ರವಿವಾರದ ಕೆಲಸ

ಬೆಳಗಾವಿಯ ಟಿಳಕವಾಡಿ, ಶಹಾಪುರ, ಅನಗೋಳ ಕಡೆಯ ಓಣಿಗಳಲ್ಲಿ ರವಿವಾರ ಮುಂಜಾನೆ ತಿರುಗಿದರೆ ಎಲ್ಲಾದರೂ ಒಂದು ಕಡೆ ಗಾಲಿ ಕಳಚಿದ ಹಳೇ ಜೀಪು ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿರುತ್ತದೆ. ಅದರ ಹೊಟ್ಟೆಯ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿರುತ್ತವೆ. ಆ ಕಾಲುಗಳ ಯಜಮಾನರು ವಾರದ ಉಳಿದ ದಿನ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಇಸ್ತ್ರಿ ಮಾಡಿದ ಅಂಗಿಯಲ್ಲಿರುತ್ತಾರೆ. ಹಾದುಹೋಗುವವರು ಬಗ್ಗಿ, 'ಗಾಡಿ ಯಾವಾಗ ಹೊರಗ ಬರ್ತೈತ್ರೀ, ಸಾಹೇಬ್ರ?' ಎಂದರೆ ಒಳಗಿನಿಂದ ಉತ್ತರ ಬರುತ್ತದೆ: 'ಎರಡು ರವಿವಾರದ ಕೆಲಸ ನೋಡ್ರಿ. ಮಿರಗದ ಮಳಿಗೆ ಕಣಕುಂಬಿಯೊಳಗ ಇರ್ತೀವಿ.' ಇದು ಮಾರ್ಚಿನ ಮಾತು. ಮಿರಗ ಬಂದು, ಆರಿದ್ರಾ, ಪುನರ್ವಸು, ಪುಷ್ಯ ಎಲ್ಲ ಸುರಿದು ಹೋದ ಮೇಲೂ ಕಾಲುಗಳು ಅಲ್ಲೇ ಇರುತ್ತವೆ. ಓಣಿಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಮನೆಯವರು ಸುಳ್ಳು ಎನ್ನುತ್ತಾರೆ. ಎರಡೂ ತಪ್ಪು. ಸೋಮಾರಿಯಾದವನು ಜೀಪಿನ ಕೆಳಗೇಕೆ ಮಲಗುತ್ತಾನೆ, ಮನೆಯಲ್ಲಿ ಮಂಚವಿಲ್ಲವೇ? ಸುಳ್ಳುಗಾರನಾದರೆ ವರ್ಷಕ್ಕೊಮ್ಮೆಯಾದರೂ ಸುಳ್ಳನ್ನು ಬದಲಿಸುತ್ತಾನೆ. ಸಾಹೇಬರ ತೊಡಕು ಬೇರೆ. ಅವರು ಪಾನಾ ತಿರುಗುವ ವೇಳೆಯನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಪಾನಾ ಕೆಳಗಿಟ್ಟು ಕಾಯುವ ವೇಳೆಗೆ ಅವರ ವಹಿಯಲ್ಲಿ ಜಾಗವಿಲ್ಲ. ಈ ಚಟವನ್ನು ಅವರಿಗೆ ಕಲಿಸಿದ್ದು ಬೆಳಗಾವಿಯೇ ಎಂಬುದು ನನ್ನ ವಾದ.

ಲೆಕ್ಕ ಬಾರದವರೆಂದು ಮಾತ್ರ ಯಾರೂ ಅನ್ನಬಾರದು. ಕೆಲಸ ಹುಟ್ಟುವುದು ಟೈರಿನಿಂದ. 28 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದರೆ ಗಾಡಿ ಎತ್ತರವಾಗಿ ಕೆಸರಿನಿಂದ ಪಾರಾಗುತ್ತದೆ. ಆದರೆ ಗಾಲಿಯ ಒಂದೊಂದು ಸುತ್ತೂ ಉದ್ದವಾದದ್ದರಿಂದ ಏರಿನಲ್ಲಿ ಎಂಜಿನ್ನಿಗೆ ಉಬ್ಬಸ. ಇದಕ್ಕೆ ಮದ್ದು ಆ್ಯಕ್ಸಲ್ಲಿನೊಳಗಿನ ಹಲ್ಲುಗಾಲಿಗಳ ಜೋಡಿಯನ್ನು, ಅಂದರೆ ಕ್ರೌನ್-ಪಿನಿಯನ್ ಅನ್ನು, ಬದಲಿಸುವುದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39, ಅಂದರೆ 4.88, ಮುಂದೆ ಬಂದ ಸಿಜೆ-3ಬಿಯಲ್ಲಿ 8ಕ್ಕೆ 43, ಅಂದರೆ 5.38. ಮೊದಲಿನ ಅನುಪಾತದ ಗಾಡಿಗೆ ಆ ದೊಡ್ಡ ಟೈರು ಹಾಕಿದಾಗ ಹಳೆಯ ಎಳೆತ ಮರಳಬೇಕಾದರೆ 5.40 ಬೇಕು. ಸಾಹೇಬರು ಇದನ್ನು ಲೈಟ್ ಬಿಲ್ಲಿನ ಬೆನ್ನ ಮೇಲೆ ಗುಣಿಸಿ, 'ನಲವತ್ಮೂರು-ಎಂಟು ಹಾಕಿದ್ರ ಬರೋಬ್ಬರಿ!' ಎಂದು ತೊಡೆ ತಟ್ಟುತ್ತಾರೆ. ಬರೋಬ್ಬರಿಯೇ. ಹಿಂದಿನ ಆ್ಯಕ್ಸಲ್ಲಿನ ಜೊತೆಗೆ ಮುಂದಿನದನ್ನೂ ಬದಲಿಸಬೇಕು, ಇಲ್ಲದಿದ್ದರೆ ಫೋರ್ ಬೈ ಫೋರ್ ಹಾಕಿದಾಗ ಮುಂದಿನ ಗಾಲಿಗಳಿಗೂ ಹಿಂದಿನವಕ್ಕೂ ಜಗ್ಗಾಟ ಹತ್ತಿ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು ಎಂಬುದೂ ಅವರಿಗೆ ಗೊತ್ತು. ಬಿಲ್ಲಿನ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ: ಹಿಂದಿನದು ಒಂದು ರವಿವಾರ, ಮುಂದಿನದು ಒಂದು ರವಿವಾರ. ತಪ್ಪಿದ್ದು ಆ ಸಾಲಿನಲ್ಲಿ ಮಾತ್ರ.

ಆ ಸಾಲು ಏನನ್ನು ಬಿಟ್ಟಿದೆ ನೋಡಿ. ಖಾನಾಪುರದ ಮಳೆ ಕುಡಿದು ತುಕ್ಕು ಹಿಡಿದ ಬೋಲ್ಟು ಪಾನಾಕ್ಕೆ ಮಣಿಯುವುದಿಲ್ಲ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಮಾರನೆಯ ದಿನ ಸೋಮವಾರ. ಹೀಗೆ ಒಂದು ರಾತ್ರಿ ಏಳು ದಿನವಾಗುತ್ತದೆ. ಮುಂದಿನ ವಾರ ಬೋಲ್ಟಿನ ತಲೆಯಷ್ಟೇ ಕೈಗೆ ಬಂದು ಮೈ ಒಳಗೇ ಉಳಿಯುತ್ತದೆ. ಬೇರಿಂಗ್ ಕೀಳಲು ಪುಲ್ಲರ್ ಬೇಕು; ಪುಲ್ಲರ್ ಇರುವ ಗೆಳೆಯ ಅದನ್ನು ಇನ್ನೊಬ್ಬ ಗೆಳೆಯನಿಗೆ ಕೊಟ್ಟಿರುತ್ತಾನೆ. ಹೊಸ ಕ್ರೌನ್-ಪಿನಿಯನ್ ಕೂಡಿಸುವುದಂತೂ ಕುಂಡಲಿ ಕೂಡಿಸಿದ ಹಾಗೆ. ಹಲ್ಲುಗಳ ನಡುವಿನ ಸಡಿಲು ಇಂಚಿನ ಸಾವಿರದಲ್ಲಿ ಆರರಿಂದ ಹತ್ತು ಪಾಲಿನೊಳಗೆ, ಅಂದರೆ ಸುಮಾರು ಕಾಲು ಮಿಲಿಮೀಟರ್ ದಾಟದಂತೆ ಇರಬೇಕು. ಹಲ್ಲಿಗೆ ಬಣ್ಣ ಬಳಿದು, ತಿರುಗಿಸಿ, ಗುರುತು ಎಲ್ಲಿ ಬಿತ್ತೆಂದು ನೋಡಿ, ಮತ್ತೆ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ಶಿಮ್ಮೊಂದನ್ನು ಹಾಕಿ ಅಥವಾ ತೆಗೆದು, ಮತ್ತೆ ಕೂಡಿಸಿ, ಮತ್ತೆ ಬಣ್ಣ ಬಳಿಯಬೇಕು. ಕೈ ಪಳಗಿದ ಮಿಸ್ತ್ರಿಗೆ ಕೆಲವೇ ಸಲಕ್ಕೆ ಕೂಡಿಬರುತ್ತದೆ. ಸಾಹೇಬರಿಗೆ ಎಷ್ಟನೇ ಸಲಕ್ಕೆ ಎಂಬುದು ಪೂರ್ವಜನ್ಮದ ಪುಣ್ಯ. ಬೇಕಾದ ದಪ್ಪದ ಶಿಮ್ ಮಾತ್ರ ಪೊಟ್ಟಣದಲ್ಲಿ ಇರುವುದಿಲ್ಲ.

ಊರಿನ ಪಾತ್ರ ಇಲ್ಲಿಂದ ಶುರು. ಬೆಳಗಾವಿ ಎರಕದ ಕಾರ್ಖಾನೆಗಳ ಊರು. ಕ್ರ್ಯಾಂಕ್‌ಶಾಫ್ಟು, ಹೈಡ್ರಾಲಿಕ್ ಸಾಮಾನು ತಯಾರಾಗುವ ಊರು. ಖಾನಾಪುರ ರಸ್ತೆ ಹಿಡಿದು ರೈಲ್ವೆಯ ಮೂರನೇ ಗೇಟು ದಾಟಿದರೆ ಉದ್ಯಮಬಾಗ, ಅಲ್ಲಿ ಕೊರೆಯಲಾಗದ ಕಬ್ಬಿಣವಿಲ್ಲ. ಇಂಥ ಭಾಗ್ಯವಿಲ್ಲದ ಊರಿನವನು ಅಂಜುತ್ತಾನೆ; ತಿಂಗಳ ಮೊದಲೇ ಸಾಮಾನೆಲ್ಲ ತರಿಸಿ ಜೋಡಿಸಿಟ್ಟುಕೊಂಡು ಆಮೇಲೆ ಗಾಡಿಗೆ ಕೈ ಹಚ್ಚುತ್ತಾನೆ. ಬೆಳಗಾವಿಯವರಿಗೆ ಆ ಅಂಜಿಕೆಯಿಲ್ಲ. 'ಬೇಕಂದ್ರ ಉದ್ಯಮಬಾಗ ಐತೆಲಾ' ಎಂಬ ಒಂದು ಮಾತಿನ ಧೈರ್ಯದ ಮೇಲೆ ಇಡೀ ಗಾಡಿ ಬಿಚ್ಚಿ ಹರವುತ್ತಾರೆ. ಹತ್ತಿರವಿದ್ದದ್ದು ಬೇಗ ಆಗುತ್ತದೆಂಬ ನಂಬಿಕೆ. ಆದರೆ ಲೇತಿನವನ ಮುಂದೆ ಯಾವುದೋ ಕಂಪನಿಯ ನೂರಾರು ತುಂಡುಗಳ ಆರ್ಡರು ಇರುತ್ತದೆ. ಸಾಹೇಬರದು ಒಂದೇ ತುಂಡು, ಅದಕ್ಕಾಗಿ ಮಷೀನು ನಿಲ್ಲಿಸಿ ಟೂಲ್ ಬದಲಿಸಬೇಕು. ಅವನು ಒಲ್ಲೆ ಅನ್ನುವುದಿಲ್ಲ. ಕನ್ನಡದಲ್ಲಾದರೆ 'ನಾಳಿ ಬರ್ರಿ', ಮರಾಠಿಯಲ್ಲಾದರೆ 'ಉದ್ಯಾ ಯಾ'. ಗಡಿಯ ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿಕೊಂಡಿರುವ ಮಾತು ಬಹುಶಃ ಇದೊಂದೇ. ಇನ್ನು ರವಿವಾರ ಮಧ್ಯಾಹ್ನದ ಮಟನ್ ಸಾರು ಸಾಹೇಬರ ಮನೆಯಲ್ಲಿ ಮಾತ್ರ ಕುದಿಯುವುದಿಲ್ಲ, ಲೇತಿನವನ ಮನೆಯಲ್ಲೂ ಕುದಿಯುತ್ತದೆ.

ಈ ರೋಗ ಬೆಳಗಾವಿಗಷ್ಟೇ ಅಂಟಿದ್ದಲ್ಲವಲ್ಲ ಎಂದು ಯಾರಾದರೂ ತಡೆದರೆ ಒಪ್ಪಲೇಬೇಕು. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದಕ್ಕೊಂದು ಹೆಸರಿಟ್ಟರು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ 34 ದಿನ ಎಂಬ ಉತ್ತರ ಬಂತು. ಎಲ್ಲವೂ ಕೆಟ್ಟರೆ? 49. ಹಿಡಿದದ್ದು 55ಕ್ಕೂ ಹೆಚ್ಚು. ಅವರ ಪ್ರಬಂಧದಲ್ಲಿ ತುಕ್ಕು ಹಿಡಿದ ಬೋಲ್ಟೂ ಇರಲಿಲ್ಲ. ಹಾಗಾದರೆ ಎರಡರ ಬದಲು ನಾಲ್ಕು ರವಿವಾರ ಹಿಡಿದರಾಯಿತು ಎಂದು ಜಾಣರು ಹೇಳಬಹುದು. ಕೊಟ್ಟು ನೋಡಲಿ. ನಾಲ್ಕು ಸಿಕ್ಕ ಕೂಡಲೇ ಸಾಹೇಬರ ಬಾಯಿಂದ ಆ ಮಂತ್ರ ಹೊರಡುತ್ತದೆ: 'ಹೆಂಗೂ ಬಿಚ್ಚೇವಿ, ಅದನ್ನೂ ಮಾಡಿಬಿಡೂಣು.' ಹೇಗೂ ಆ್ಯಕ್ಸಲ್ ಬಿಚ್ಚಿದೆ, ಬ್ರೇಕಿನ ಪೈಪು ಹೊಸದಾಗಲಿ. ಹೇಗೂ ಪ್ರೊಪೆಲ್ಲರ್ ಶಾಫ್ಟ್ ಇಳಿದಿದೆ, ಕ್ರಾಸ್ ಹೊಸದಾಗಲಿ. ಇಷ್ಟೆಲ್ಲ ಹೊಸದಾದ ಮೇಲೆ ಗೇರ್‌ಬಾಕ್ಸು ಏನು ಪಾಪ ಮಾಡಿತ್ತು? ಖಾನಾಪುರದ ಭತ್ತದ ರೈತ ಮಿರಗದ ಲೆಕ್ಕ ತಪ್ಪಿಸುವುದಿಲ್ಲವಲ್ಲ, ಅವನೂ ಮನುಷ್ಯನೇ ಅಲ್ಲವೇ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ಹೌದು. ಆದರೆ ಅವನು ಮಳೆಯಿಂದ ಹಿಂದಕ್ಕೆ ಎಣಿಸುತ್ತಾನೆ, ಸಾಹೇಬರು ಪಾನಾದಿಂದ ಮುಂದಕ್ಕೆ. ಅವನಿಗೆ ಮಿರಗ ತಪ್ಪಿದರೆ ಬೆಳೆ ಹೋಗುತ್ತದೆ. ಇವರಿಗೆ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಮಿರಗ ಇದ್ದೇ ಇದೆ. ಅಲ್ಲದೆ ಕೂರಿಗೆ ಹೂಡಿದ ರೈತ ನಡುವೆ ನಿಂತು 'ಹೆಂಗೂ ಎತ್ತು ಬಂದಾವು, ಬಾವಿನೂ ತೋಡಿಬಿಡೂಣು' ಅನ್ನುವುದಿಲ್ಲ.

ಇಷ್ಟೆಲ್ಲ ಯಾಕೆ, ಶೋರೂಮಿನಲ್ಲಿ ಥಾರ್ ಸಿಗುತ್ತದಲ್ಲ ಎನ್ನುವವರಿಗೆ, ಕುಂದಾ ಅಂಗಡಿಯಲ್ಲಿ ಸಿಕ್ಕರೂ ಮನೆಯಲ್ಲಿ ಹಾಲು ಕಾಯಿಸುತ್ತ ನಿಲ್ಲುವವರಿದ್ದಾರೆ ಎಂದಷ್ಟೇ ಹೇಳಬಹುದು. ಓಡಿಸುವುದಾದರೂ ಎಲ್ಲಿ? ಭೀಮಗಡ 2011ರಿಂದ ವನ್ಯಜೀವಿ ಧಾಮ, ಕಂಡಲ್ಲಿ ಗಾಲಿ ಇಳಿಸುವಂತಿಲ್ಲ. ಎಂಜಿನ್ನನ್ನೇ ಬದಲಿಸುವ ಹುಕಿ ಬಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎದುರು ನಿಲ್ಲುತ್ತದೆ, ಆರ್‌ಟಿಒ ಅನುಮತಿ ಬೇಕು. ಅದು ರವಿವಾರಗಳಲ್ಲಿ ಎಣಿಸುವ ಕೆಲಸವೇ ಅಲ್ಲ, ಆ ಕಚೇರಿ ರವಿವಾರ ತೆರೆಯುವುದಿಲ್ಲ.

ಖಂಡೆ ಪೂಜೆಯ ದಿನ ಓಣಿಯ ಗಾಡಿಗಳೆಲ್ಲ ಮೈ ತೊಳೆದು ಚೆಂಡು ಹೂವಿನ ಹಾರ ಹಾಕಿಕೊಂಡಾಗ ಸಾಹೇಬರು ದಿಮ್ಮಿಯ ಮೇಲಿನ ಜೀಪಿಗೊಂದು, ಗೋಡೆಗೆ ಒರಗಿಸಿದ ಗಾಲಿಗಳಿಗೆ ನಾಲ್ಕು, ಪಾನಾ ಪೆಟ್ಟಿಗೆಗೊಂದು ಎಂದು ಬಿಡಿಬಿಡಿಯಾಗಿ ಕುಂಕುಮ ಹಚ್ಚುತ್ತಾರೆ. ದೀಪಾವಳಿ ದಾಟಿದ ಮೇಲೊಂದು ದಿನ ಗಾಡಿ ನೆಲಕ್ಕಿಳಿಯುತ್ತದೆ. ಜಾಂಬೋಟಿಯ ಹಾದಿಯಲ್ಲಿ ಆಗ ಕೆಸರಿಲ್ಲ, ಕೆಂಪು ಧೂಳು. ಕಣಕುಂಬಿಗೆ ಹೋಗಿ ಮಲಪ್ರಭೆ ಹುಟ್ಟುವ ಜಾಗಕ್ಕೆ ಕೈಮುಗಿದು ಮರಳುವವರೆಗೂ ಫೋರ್ ಬೈ ಫೋರ್ ಲಿವರಿಗೆ ಕೈ ಹಚ್ಚುವ ಪ್ರಸಂಗ ಬರುವುದಿಲ್ಲ. ಪೀರನವಾಡಿ ಹತ್ತಿರ, ಐವತ್ತರ ವೇಗಕ್ಕೆ, ಹಿಂದಿನ ಆ್ಯಕ್ಸಲ್ಲಿನಿಂದ ಸಣ್ಣಗೆ 'ಕುಂಯ್' ಎಂಬ ದನಿ ಏಳುತ್ತದೆ. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಪಕ್ಕದಲ್ಲಿ ಹೆಂಡತಿ, ಗಾಡಿ ಈಗ ಎಷ್ಟು ಚಲೋ ಓಡ್ತೈತ್ರೀ ಅನ್ನುತ್ತಿರುತ್ತಾರೆ. ಸಾಹೇಬರು ಕೈಯೆತ್ತಿ, 'ತಡಿ, ಒಂದ್ ನಿಮಿಷ ಸುಮ್ಮನಿರು' ಎಂದು ತಲೆಯನ್ನು ಹಿಂದಕ್ಕೆ ವಾಲಿಸಿ ಕಿವಿಗೊಡುತ್ತಾರೆ.