ಝಡ್‌ಪಿಎಲ್ 37: ಒಂದು ಗ್ರಂಥಸಂಪಾದನೆ

ವಚನಕಾರರಿಗೆ ಅಂಕಿತವಿತ್ತು, ಮ್ಯಾಕ್ರೋಕಾರರಿಗೆ ಇರುವುದು ಬರೀ ಅಂಕಿ. ಝೀಮ್ಯಾಕ್ಸ್ ತಂತ್ರಾಂಶದಲ್ಲಿ ಲೆನ್ಸ್ ವಿನ್ಯಾಸ ಮಾಡುವಾಗ ನಾವೇ ಬರೆದ ಮ್ಯಾಕ್ರೋ ಆಪ್ಟಿಮೈಸೇಶನ್ನಿಗೆ ಬೇಕಾದರೆ, ವಿನ್ಯಾಸ ಗುರಿಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಮೆರಿಟ್ ಫಂಕ್ಷನ್ನಿನಲ್ಲಿ ಝಡ್‌ಪಿಎಲ್‌ಎಂ ಎಂದು ಒಂದು ಸಾಲು ಹಾಕಿ ಸಂಖ್ಯೆ ಕೊಡಬೇಕು. ಆ ಸಾಲು ಹೆಸರು ಕೇಳುವುದಿಲ್ಲ, 00ರಿಂದ 99ರೊಳಗಿನ ಎರಡಂಕಿ ಸಾಕು. ಹೀಗಾಗಿ ಒಂದೊಂದು ಕಚೇರಿಯಲ್ಲೂ ನೂರರವರೆಗೆ ಅಜ್ಞಾತಕರ್ತೃಕ ಕೃತಿಗಳಿಗೆ ಅವಕಾಶವಿದೆ. ಅವುಗಳಲ್ಲಿ 37ನೆಯದನ್ನು ಪರಿಷ್ಕರಿಸುವ ಭಾಗ್ಯ ಪ್ರಸ್ತುತ ಸಂಪಾದಕನದು.

ದೊರೆತ ಪ್ರತಿಗಳು ಮೂರು. 'ಅ' ಪ್ರತಿ ಎಲ್ಲರೂ ಬಳಸುವ ಫೋಲ್ಡರಿನದು. 'ಆ' ಪ್ರತಿ ಕೆಲಸ ಬಿಟ್ಟುಹೋದ ಹಿರಿಯರೊಬ್ಬರ ಪೆನ್‌ಡ್ರೈವಿನದು. ಗೆದ್ದಲು ಹಿಡಿದಿಲ್ಲ, ವೈರಸ್ ಇದೆ. 'ಇ' ಪ್ರತಿ ನನ್ನದೇ, ಅದರ ಕಥೆ ಮುಂದಿದೆ. ಫೈಲಿನ ದಿನಾಂಕ ನೋಡಿ ಕಾಲನಿರ್ಣಯ ಮಾಡುವವರಿಗೆ ಒಂದು ಮಾತು: ಅದು ಲಿಪಿಕಾರನ ಕಾಲ, ಕವಿಯದಲ್ಲ.

ಕೃತಿಯ ವಸ್ತು ಸರಳ. ಒಂದೊಂದು ಲೆನ್ಸಿನ ಘನ ಅಳತೆ ತೆಗೆದು, ಗಾಜಿನ ಸಾಂದ್ರತೆಯಿಂದ ಗುಣಿಸಿ, ಎಲ್ಲವನ್ನೂ ಕೂಡುವುದು. ಎನ್-ಬಿಕೆ7 ಗಾಜಾದರೆ ಘನ ಸೆಂಟಿಮೀಟರಿಗೆ 2.51 ಗ್ರಾಂ, ಎಸ್‌ಎಫ್6 ಆದರೆ 5.18. ಬಂದ ತೂಕವನ್ನು ಆಪ್ಟ್‌ರಿಟರ್ನ್ ಎಂಬ ಪದ ಮೆರಿಟ್ ಫಂಕ್ಷನ್ನಿಗೆ ಒಪ್ಪಿಸುತ್ತದೆ. ಅಲ್ಲಿ ಆ ತೂಕಕ್ಕೂ, ಅದೆಷ್ಟು ಮುಖ್ಯ ಎಂದು ಹೇಳುವ ಒಂದು 'ತೂಕ' ಕಟ್ಟಬೇಕು. ಎರಡೂ ಒಂದೇ ಎಂದು ತಿಳಿದು ಪ್ರಾಜೆಕ್ಟ್ ಮ್ಯಾನೇಜರುಗಳು ಬರೆದ ಭಾಷ್ಯಗಳನ್ನು ಇಲ್ಲಿ ಕೈಬಿಟ್ಟಿದೆ.

ಪಂಡಿತರ ಜಗಳವೆಲ್ಲ ತೂಕದ ಮಿತಿ ಕಾಯುವ 14ನೆಯ ಸಾಲಿನದು. 'ಅ' ಪಾಠ: ತೂಕ ಮಿತಿ ಮೀರಿದರೆ 1, ಇಲ್ಲವಾದರೆ 0. 'ಆ' ಪಾಠ: ಎಷ್ಟು ಮೀರಿತೋ ಅಷ್ಟು. ಮೇಲ್ನೋಟಕ್ಕೆ 'ಅ' ಪಾಠವೇ ಚೊಕ್ಕ. ಆದರೆ ಆಪ್ಟಿಮೈಸೇಶನ್ ನಡೆಸುವ ಡ್ಯಾಂಪ್ಡ್ ಲೀಸ್ಟ್ ಸ್ಕ್ವೇರ್ಸ್ ವಿಧಾನ ಒಂದೊಂದು ವೇರಿಯೆಬಲ್ಲನ್ನೂ ಚೂರು ಅಲುಗಿಸಿ, ಉತ್ತರ ಯಾವ ಕಡೆ ವಾಲಿತು ಎಂದು ನೋಡಿಕೊಂಡೇ ಹೆಜ್ಜೆ ಇಡುವಂಥದ್ದು. ಅಡಗಿಸಿಟ್ಟದ್ದನ್ನು ಹುಡುಕುವ ಮಗುವಿಗೆ 'ಹತ್ತಿರ ಬಂದೆ', 'ದೂರ ಹೋದೆ' ಅನ್ನದೆ ಬರೀ 'ಸಿಕ್ಕಿಲ್ಲ' ಅನ್ನುತ್ತಿದ್ದರೆ ಅದು ಎಲ್ಲಿಗೆ ಹೋದೀತು? 'ಅ' ಪಾಠ ಲಿಪಿಕಾರನ ಸೋಮಾರಿತನ ಎಂಬುದೇ ಸಿದ್ಧಾಂತ. ಇನ್ನೊಂದು ದಂಡವೂ ಇದೆ: 20 ವೇರಿಯೆಬಲ್ ಇದ್ದರೆ ಒಂದು ಸುತ್ತಿಗೆ ಮ್ಯಾಕ್ರೋ ಕನಿಷ್ಠ 21 ಸಲ ಓಡಬೇಕು. ಒಂದು ಓಟಕ್ಕೆ ಅರ್ಧ ಸೆಕೆಂಡಾದರೆ ಸುತ್ತಿಗೆ ಹತ್ತೂವರೆ ಸೆಕೆಂಡು. ಮ್ಯಾಕ್ರೋಕಾರರು ಕಾಫಿಪ್ರಿಯರಾಗಿದ್ದರು ಎಂಬುದಕ್ಕೆ ಇದು ಆಂತರಿಕ ಪ್ರಮಾಣ.

ಇನ್ನು 'ಇ' ಪ್ರತಿ. ಮಿತಿಯ ಗೊಡವೆಯೇ ಬೇಡವೆಂದು 14ನೆಯ ಸಾಲನ್ನು ಅಳಿಸಿ, ಒಟ್ಟು ತೂಕದ ಗುರಿ 0 ಎಂದು ಬರೆದು, ರಾತ್ರಿಯಿಡೀ ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಒಟ್ಟು ತೂಕ ನಿಜಕ್ಕೂ ಸೊನ್ನೆ. ಮೊದಲ ಲೆನ್ಸ್ 18 ಗ್ರಾಂ, ಎರಡನೆಯದು 13, ಮೂರನೆಯದು ಮೈನಸ್ 31. ಅದರ ಹಿಂದಿನ ಮೈ ಮುಂದಿನ ಮೈಯನ್ನು ತೂರಿಕೊಂಡು ಆಚೆ ಬಂದು ನಿಂತಿತ್ತು. ಗಾಜಿಗೆ ಕನಿಷ್ಠ ದಪ್ಪ ಇಷ್ಟಿರಲಿ ಎಂಬ ಎಂಎನ್‌ಸಿಜಿ ಸಾಲನ್ನು ಹಾಕಲು ಮರೆತಿದ್ದೆ. ಲೆಕ್ಕ ಮಾತ್ರ ಪೈಸೆಗೆ ಪೈಸೆ ಸರಿ. ಗಾಜಿನಂಗಡಿಯಿಂದ ಸಾಲ ತಂದು ಕಟ್ಟಬಹುದಾದ ಲೆನ್ಸ್.

ಪರಿಷ್ಕರಣೆ ಮುಗಿಯುವ ಹೊತ್ತಿಗೆ ಸಹಾಯಪುಟ ತಿರುವುತ್ತಿದ್ದಾಗ ಟಿಎಂಎಎಸ್ ಎಂಬ ಸಾಲು ಕಣ್ಣಿಗೆ ಬಿತ್ತು. ಲೆನ್ಸುಗಳ ಒಟ್ಟು ತೂಕವನ್ನು ಗ್ರಾಮಿನಲ್ಲಿ ಕೊಡುವುದೇ ಅದರ ಕೆಲಸ. ಝೀಮ್ಯಾಕ್ಸ್ ಕೊಟ್ಟದ್ದೇ, ಮ್ಯಾಕ್ರೋ ಬೇಕಾಗಿಯೇ ಇರಲಿಲ್ಲ. 37ನ್ನು ಕಿತ್ತು ಅದನ್ನು ಹಾಕಿದೆ. ಒಟ್ಟು ತೂಕದಲ್ಲಿ 0.35 ಗ್ರಾಂ ವ್ಯತ್ಯಾಸ. ಹುಡುಕಿದರೆ 'ಆ' ಪ್ರತಿಯ 23ನೆಯ ಸಾಲಿನಲ್ಲಿ ಯಾರೋ 0.35 ಕೂಡಿದ್ದಾರೆ. ಅಂಟಿನ ತೂಕ ಎಂದು ಒಂದು ಪಂಥ, ಪ್ರಕ್ಷಿಪ್ತ ಎಂದು ಇನ್ನೊಂದು. ಪಕ್ಕದಲ್ಲಿ ಆಶ್ಚರ್ಯಚಿಹ್ನೆ ಹಾಕಿ ಮೂಲಕಾರರ ಟಿಪ್ಪಣಿ: 'ಇರಲಿ.'

37ನ್ನು ಮತ್ತೆ ಅದರ ಜಾಗದಲ್ಲೇ ಇಟ್ಟೆ. ಕೆಳಗೆ ನನ್ನದೊಂದು ಆಶ್ಚರ್ಯಚಿಹ್ನೆ, ಒಂದು ಟಿಪ್ಪಣಿ: 'ನನಗೂ ಗೊತ್ತಾಗಲಿಲ್ಲ, ಇರಲಿ.'