ಗ್ರಂಥಾಲಯ ಜೀರ್ಣೋದ್ಧಾರ ಮೀಮಾಂಸೆ: ಪೂರ್ವಸಿದ್ಧತಾ ಕಾಂಡ

ಇರುವ ಕಟ್ಟಡವನ್ನು ಹೊಸದು ಮಾಡುವ ಸಲುವಾಗಿ ಅದರೊಳಗಿನ ಪುಸ್ತಕಗಳನ್ನೂ ಓದುಗರನ್ನೂ ಕೆಲಕಾಲ ಹೊರಗೆ ಹಾಕುವುದೇ ಗ್ರಂಥಾಲಯದ ಜೀರ್ಣೋದ್ಧಾರ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆಯೆಂದು ತಾರ್ಕಿಕರ ಆಕ್ಷೇಪ. ಘಟಪ್ರಭೆಯ ನೆರೆ, ಚುನಾವಣೆಯ ಮತ ಎಣಿಕೆ, ಮಂತ್ರಿಗಳ ಕಾರ್ಯಕ್ರಮದ ಊಟ ಇವೂ ಇದೇ ಫಲವನ್ನು ಕೊಡುತ್ತವಲ್ಲ! ‘ಟೆಂಡರ್ ಪೂರ್ವಕವಾಗಿ’ ಎಂಬ ವಿಶೇಷಣ ಸೇರಿಸಿದರೆ ದೋಷ ಕಳೆಯುತ್ತದೆ. ನೆರೆಗೆ ಟೆಂಡರ್ ಕರೆದ ಉದಾಹರಣೆ ಇನ್ನೂ ಸಿಕ್ಕಿಲ್ಲ.

ಈ ಮೀಮಾಂಸೆಗೆ ಕ್ಷೇತ್ರವಾದ ಮೂಡಲಗಿ, ಗೋಕಾಕ, ಹುಕ್ಕೇರಿ ತಾಲೂಕುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. 1982ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿದ ಈ ಸಂಸ್ಥೆ 2010ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಭೂತರಾಮನಹಟ್ಟಿಯಲ್ಲಿ ನೆಲೆನಿಂತು, ಹೊಸ ಆವರಣಕ್ಕಾಗಿ ಹಿರೇಬಾಗೇವಾಡಿಯ ಕಡೆ ಮುಖ ಮಾಡಿತು. ಈ ಸೀಮೆಯ ಉನ್ನತ ಶಿಕ್ಷಣಕ್ಕೆ ಗಂಟುಮೂಟೆ ಕಟ್ಟುವುದು ಹೊಸದಲ್ಲ. ಮೂಲ ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದದ್ದು. ಮುಂದಿನ ವಿವೇಚನೆ ಮಾತ್ರ ಯಾವ ಒಂದು ಗ್ರಂಥಾಲಯಕ್ಕೂ ಸೇರಿದ್ದಲ್ಲ. ಕೇಳಿದ ಗ್ರಂಥಪಾಲಕರೆಲ್ಲ ‘ಇದು ನಮ್ಮದಲ್ರಿ’ ಎನ್ನುವುದರಿಂದ ಎಲ್ಲಕ್ಕೂ ಸೇರಿದ್ದೆಂದು ಊಹಿಸಲು ಅಡ್ಡಿಯಿಲ್ಲ.

ಶಾಸ್ತ್ರಕ್ಕೆ ಆಧಾರ ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರಗಳು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಈ ಗಣಿತದ ಮೇಷ್ಟ್ರು 1931ರಲ್ಲಿ ಅವನ್ನು ಪುಸ್ತಕವಾಗಿ ಪ್ರಕಟಿಸಿದರು. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಐದನೆಯ ಸೂತ್ರ. ಬೆಳೆಯುವ ಜೀವಿ ಎಂದಮೇಲೆ ಆಗಾಗ ಪೊರೆ ಬಿಡಲೇಬೇಕು, ಆದಕಾರಣ ಜೀರ್ಣೋದ್ಧಾರ ಸೂತ್ರಸಮ್ಮತ. ಓದುಗರ ಸಮಯ ಉಳಿಸಬೇಕೆಂಬ ನಾಲ್ಕನೆಯ ಸೂತ್ರ ಇಲ್ಲಿ ಅಡ್ಡ ಬರುತ್ತದೆ ಎಂಬುದು ಪೂರ್ವಪಕ್ಷ. ಬಾಗಿಲು ಮುಚ್ಚಿದ ಗ್ರಂಥಾಲಯಕ್ಕೆ ಯಾರೂ ಹೋಗುವುದಿಲ್ಲವಾದ್ದರಿಂದ ಎಲ್ಲರ ಸಮಯವೂ ಪೂರ್ತಿ ಉಳಿಯುತ್ತದೆ ಎಂಬುದು ಸಿದ್ಧಾಂತ.

ಮೊದಲ ಪ್ರಶ್ನೆ ಕಾಲನಿರ್ಣಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಪುಸ್ತಕ ಹೊರಗಿಡುವಂತಿಲ್ಲ. ದೀಪಾವಳಿಯ ಹೊತ್ತಿಗೆ ಕಬ್ಬಿನ ಹಂಗಾಮು ಏರುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಹಿಡಿದು ಮೂರೂ ತಾಲೂಕಿನ ಟ್ರ್ಯಾಕ್ಟರ್ ಟ್ರೇಲರ್‌ಗಳು ಕಬ್ಬಿಗೆ ಹೂಡಿರುತ್ತವೆ. ಆಗ ವಿಶ್ವಕೋಶ ಸಾಗಿಸಲು ಬಾಡಿಗೆಗೆ ಕೇಳಿದರೆ ‘ಮಾರ್ಚ್ ಮ್ಯಾಲೆ ಬರ್ರಿ’ ಎಂಬ ಉತ್ತರ ಸಿಗುತ್ತದೆ. ಮಾರ್ಚ್ ಆದಮೇಲೆ ಪರೀಕ್ಷೆ. ಹೀಗೆ ವರ್ಷದ ಹನ್ನೆರಡೂ ತಿಂಗಳು ನಿಷಿದ್ಧವೆಂದು ಸಿದ್ಧವಾದಾಗ, ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕೆಂಬ ಅಪವಾದವಿಧಿ ಎದ್ದುಬಂದು ಉಳಿದೆಲ್ಲ ವಿಧಿಗಳನ್ನೂ ಬಾಧಿಸುತ್ತದೆ. ಮುಹೂರ್ತ ಯಾವಾಗಲೂ ಫೆಬ್ರವರಿಯ ಕೊನೆಯ ವಾರವೇ.

ಎರಡನೆಯದು ಪುಸ್ತಕ ಪರಿಶೀಲನೆ. ಈ ಶಾಸ್ತ್ರದ ಹೃದಯಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಪರಿಗ್ರಹಣ ವಹಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ವಹಿ ಶಬ್ದಪ್ರಮಾಣ, ಕಪಾಟು ಪ್ರತ್ಯಕ್ಷಪ್ರಮಾಣ. ಎರಡಕ್ಕೂ ವಿರೋಧ ಬಂದಾಗ ಸಾಮಾನ್ಯ ಲೋಕ ಪ್ರತ್ಯಕ್ಷವನ್ನು ನಂಬಿದರೆ ಲೆಕ್ಕಪರಿಶೋಧಕರು ಶಬ್ದವನ್ನು ನಂಬುತ್ತಾರೆ. ಇಲ್ಲದಿರುವುದನ್ನು ತಿಳಿಯಲು ಕುಮಾರಿಲ ಭಟ್ಟನ ಮೀಮಾಂಸೆ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿಕೊಂಡಿದೆ. ಗ್ರಂಥಾಲಯ ಸಹಾಯಕರು ಅದನ್ನು ‘ಸಿಗವಲ್ದರಿ’ ಎಂಬ ಒಂದೇ ಮಾತಿನಲ್ಲಿ ಪ್ರಯೋಗಿಸುತ್ತಾರೆ.

ನ್ಯಾಯ-ವೈಶೇಷಿಕರು ಹೇಳುವ ನಾಲ್ಕು ಅಭಾವಗಳೂ ಒಂದೇ ಸೂರಿನಡಿ ಸಿಗುವುದು ಗ್ರಂಥಾಲಯದಲ್ಲಿ ಮಾತ್ರ. ಆದೇಶ ಕೊಟ್ಟು ವರ್ಷ ಕಳೆದರೂ ಬಾರದ ಪುಸ್ತಕದ್ದು ಪ್ರಾಗಭಾವ. ಒರಲಿ ತಿಂದು, ರಟ್ಟು ಮಾತ್ರ ನೆಟ್ಟಗೆ ನಿಂತು, ಮುಟ್ಟಿದ ಕೂಡಲೇ ಒಳಗಿನ ಮಣ್ಣು ಸುರಿಸುವ ಪುಸ್ತಕದ್ದು ಪ್ರಧ್ವಂಸಾಭಾವ. ಒಂದರ ಜಾಗದಲ್ಲಿ ಇನ್ನೊಂದು ಕುಳಿತಿದ್ದರೆ ಅನ್ಯೋನ್ಯಾಭಾವ, ಅದರ ವೈಭವ ನೋಡಬೇಕಾದದ್ದು ಸ್ಥಳೀಯ ಸಾಹಿತ್ಯದಲ್ಲಿ. 1876ರ ಡ್ಯೂಯಿ ದಶಮಾಂಶ ಪದ್ಧತಿಯ ಈಚಿನ ಆವೃತ್ತಿಗಳಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ಆದರೂ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿ 551ರ ಭೂವಿಜ್ಞಾನದ ಸಾಲಿನಲ್ಲಿ, ಬಂಡೆಗಳ ರಚನೆಯ ಪಕ್ಕದಲ್ಲಿ ಸಿಗುವ ಸಂಭವ ತಳ್ಳಿಹಾಕುವಂಥದ್ದಲ್ಲ. ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ ಶ್ರೀಕೃಷ್ಣ ಪಾರಿಜಾತ ಸಣ್ಣಾಟ ಸಸ್ಯಶಾಸ್ತ್ರದಲ್ಲಿರುತ್ತದೆ. ವಿ.ಕೃ. ಗೋಕಾಕರ ಮಹಾಕಾವ್ಯ ‘ಭಾರತ ಸಿಂಧು ರಶ್ಮಿ’ಯನ್ನು ಹುಡುಕುವವರು ಮೊದಲು ನದಿಗಳ ಕಡೆ ನೋಡುವುದು ಕ್ಷೇಮ. ನಾಲ್ಕನೆಯದಾದ ಅತ್ಯಂತಾಭಾವದಲ್ಲಿ ಪುಸ್ತಕ ಭೂತ, ವರ್ತಮಾನ, ಭವಿಷ್ಯ ಮೂರರಲ್ಲೂ ಇರುವುದಿಲ್ಲ, ಬಿಲ್ಲು ಮಾತ್ರ ಇರುತ್ತದೆ. ಇದರ ಮೇಲೆ ಭಾಷ್ಯ ಬರೆಯಲು ಈವರೆಗೆ ಯಾರೂ ಮುಂದೆ ಬಂದಿಲ್ಲ.

ಅಭಾವಕ್ಕೆ ಮಿತಿಯೂ ಉಂಟು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದರ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಓದುಗರು ತೆಗೆದು ನೋಡಿದ ಪ್ರತಿ ಸಾವಿರ ಸಂಪುಟಗಳಿಗೆ ಐದು ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯದೋ ಅಪರೂಪದ್ದೋ ಹೋದರೆ ವಿಚಾರಣೆ ಆಗಲೇಬೇಕು. ನಿಯಮ ಉದಾರವಾದದ್ದು, ಆದರೆ ಅದರೊಳಗೊಂದು ಗೂಢಾರ್ಥವಿದೆ. ಯಾರೂ ಪುಸ್ತಕ ಮುಟ್ಟದ ಗ್ರಂಥಾಲಯಕ್ಕೆ ಒಂದನ್ನೂ ಕಳೆಯುವ ಹಕ್ಕಿಲ್ಲ. ಪರಿಶೀಲನೆಯ ತಿಂಗಳಲ್ಲಿ ಎರವಲು ವಹಿಯ ಸಹಿಗಳು ಇದ್ದಕ್ಕಿದ್ದಂತೆ ದಟ್ಟವಾಗುವುದಕ್ಕೆ ವಿದ್ವಾಂಸರು ಕೊಡುವ ಕಾರಣ ಇದು. ಇಷ್ಟಾಗಿಯೂ ಪರಿಶೀಲನೆ ಮಾಡಿಯೇ ಪುಸ್ತಕ ಕಟ್ಟಬೇಕು. ಮಾಡದೆ ಕಟ್ಟಿದರೆ, ಹಿಂದೆ ಕಳೆದದ್ದೆಲ್ಲ ಸಾಗಾಣಿಕೆಯಲ್ಲಿ ಕಳೆಯಿತೆಂದು ಬರೆದು ಕೈತೊಳೆದುಕೊಳ್ಳುವ ದಾರಿ ತೆರೆದುಕೊಳ್ಳುತ್ತದೆ. ಕೆಲವರು ಜೀರ್ಣೋದ್ಧಾರಕ್ಕೆ ಹಂಬಲಿಸುವುದೇ ಇದಕ್ಕಾಗಿ ಎಂಬ ಮತವೂ ಇದೆ.

ಮೂರನೆಯದು ಭಾರ. ಇಲ್ಲಿ ಅಣಕಕ್ಕೆ ಹೆಚ್ಚು ಜಾಗವಿಲ್ಲ, ಏಕೆಂದರೆ ಭಾರಕ್ಕೆ ಹಾಸ್ಯಪ್ರಜ್ಞೆ ಇಲ್ಲ. ಕಟ್ಟಡಗಳ ಮೇಲಿನ ಹೊರೆ ಹೇಳುವ ಐಎಸ್ 875 ಮಾನದಂಡದ ಎರಡನೆಯ ಭಾಗ ಪುಸ್ತಕದ ರ್‍ಯಾಕುಗಳಿರುವ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಕನಿಷ್ಠ 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ಹಿಡಿಯುತ್ತದೆ. ತರಗತಿ ಕೋಣೆಗೆ ಹಿಡಿಯುವುದು ಅದರ ಅರ್ಧ. ಪುಸ್ತಕಗಳನ್ನು ತರಗತಿಗೆ ಸಾಗಿಸುವುದೆಂದರೆ, ಈ ಸೀಮೆಯ ಅಳತೆಯಲ್ಲಿ, ಒಂದು ಚದರ ಮೀಟರಿನಲ್ಲಿ ಐವತ್ತು ಕಿಲೋದ ಹನ್ನೆರಡು ಸಕ್ಕರೆ ಚೀಲ ಹೊರಬೇಕಾದ ಜಾಗದ ಸರಕನ್ನು ಆರು ಚೀಲಕ್ಕೆ ಕಟ್ಟಿದ ಜಾಗದ ಮೇಲೆ ಹೇರಿದಂತೆ. ಹಾಗಿದ್ದೂ ‘ತಾತ್ಪೂರ್ತಿಕ’ ವ್ಯವಸ್ಥೆಗೆ ಆಯ್ಕೆಯಾಗುವುದು ಯಾವಾಗಲೂ ಮೊದಲ ಮಹಡಿಯ ತರಗತಿಯೇ, ಅದೂ ಕೋಣೆಯ ನಟ್ಟನಡುವೆ. ನೆಲಮಹಡಿಯ ಕೋಣೆ ಬೇಕೆಂದು ಗ್ರಂಥಪಾಲಕರು ಬರೆದ ಪತ್ರಕ್ಕೆ ಉತ್ತರ ಬರುವ ಮೊದಲೇ ಪುಸ್ತಕ ಮೇಲೇರಿರುತ್ತದೆ.

ಕಟ್ಟುವ ಸಾಮಗ್ರಿಯ ವಿಷಯಕ್ಕೆ ಬಂದರೆ, ಪುಸ್ತಕಕ್ಕೆ ರಟ್ಟಿನ ಪೆಟ್ಟಿಗೆ ಎಂಬುದು ಗ್ರಂಥಸ್ಥ ಮಾತು. ಪ್ರಚಾರದಲ್ಲಿರುವುದು ಬಿಳಿ ಸಕ್ಕರೆ ಚೀಲ ಮತ್ತು ಸುತಳಿ. ಚೀಲ ಜಾಡಿಸಿದರೂ ಹೊಲಿಗೆಯ ಸಂದಿಯಲ್ಲಿ ಸಕ್ಕರೆಯ ಕಾಳು ಉಳಿದಿರುತ್ತವೆ. ಎರಡು ದಿನದಲ್ಲಿ ಇರುವೆಗಳ ಸಾಲು ವ್ಯಾಕರಣದ ಚೀಲದಿಂದ ಅರ್ಥಶಾಸ್ತ್ರದ ಚೀಲಕ್ಕೆ ಸಾಗುತ್ತದೆ. ಆ ಎರಡು ಶಾಸ್ತ್ರಗಳ ಮೇಲೆ ಅಷ್ಟು ಒಲವು ಹಿಂದೆ ಯಾರೂ ತೋರಿಸಿದ್ದಿಲ್ಲ. ಚೀಲದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ‘ಕಾವ್ಯ 3’ ಬೆವರಿನ ಕೈಗೆ ಅಳಿಸಿ ‘3’ ಮಾತ್ರ ಉಳಿಯುತ್ತದೆ. ಡಾಂಬರ್ ಗುಳಿಗೆ ಹಾಕುವುದು ವಾಡಿಕೆ. ಅದರ ವಾಸನೆ ಒರಲಿಗಿಂತ ಓದುಗರನ್ನು ದೂರ ಇಡುವಲ್ಲಿ ಹೆಚ್ಚು ಸಫಲ. ಒರಲಿಯ ಹಾದಿ ಗೋಡೆ ಮತ್ತು ನೆಲದೊಳಗಿಂದ ಬರುತ್ತದೆ, ಆದ್ದರಿಂದ ಮದ್ದು ನೆಲಕ್ಕೆ ಕೊಡಬೇಕು, ರ್‍ಯಾಕನ್ನು ಗೋಡೆಯಿಂದ ಗೇಣಷ್ಟಾದರೂ ಸರಿಸಬೇಕು.

ಇನ್ನು ಓದುಗರ ಸಿದ್ಧತೆ. ಓದುಗ ಎಂದರೆ ಪುಸ್ತಕ ಓದುವವನು ಎಂಬ ಲಕ್ಷಣ ಕ್ಷೇತ್ರದಲ್ಲಿ ನಿಲ್ಲುವುದಿಲ್ಲ. ಮೂಡಲಗಿಯ ಕಡೆಯಿಂದ ಮೊದಲ ಬಸ್ಸಿಗೆ ಬಂದು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳ ಸ್ವಂತ ಪುಸ್ತಕಗಳನ್ನು ಬ್ಯಾಗಿನಲ್ಲಿ ತಂದು, ಗ್ರಂಥಾಲಯದ ಒಂದೂ ಪುಸ್ತಕ ಮುಟ್ಟದೆ ಸಂಜೆಯವರೆಗೆ ಕೂರುವವರೇ ಇಲ್ಲಿ ಬಹುಸಂಖ್ಯಾತರು. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಚಾರ್ಜಿಂಗ್ ಪ್ಲಗ್ಗು, ಕುಡಿಯುವ ನೀರು. ಕುರ್ಚಿಯ ಸ್ವಾಮ್ಯ ನೀರಿನ ಬಾಟಲಿಯಿಂದ ಸ್ಥಾಪಿತವಾಗುತ್ತದೆ. ಬಾಟಲಿಗಿಂತ ಟವೆಲು ಬಲಿಷ್ಠ, ಟವೆಲಿಗಿಂತ ಡಬ್ಬಿಯ ಬುತ್ತಿ ಬಲಿಷ್ಠ, ಏಕೆಂದರೆ ರೊಟ್ಟಿ-ಶೇಂಗಾ ಚಟ್ನಿ ಬಿಟ್ಟು ಯಾರೂ ದೂರ ಹೋಗಿರುವುದಿಲ್ಲ. ಪುಸ್ತಕ ಕದಲಿಸಿದರೆ ಯಾರೂ ಕೇಳುವುದಿಲ್ಲ, ಆದರೆ ಈ ಕುರ್ಚಿ ಒಂದು ಅಂಗುಲ ಸರಿದರೂ ‘ಸರ, ಇದು ನಮ್ದರಿ, ಎರಡ ವರ್ಷ ಆತು’ ಎಂಬ ಪ್ರತಿಭಟನೆ ಏಳುತ್ತದೆ. ಇದನ್ನು ನಗುವ ವಿಷಯವೆಂದು ತಿಳಿಯುವವರು ಆ ಎರಡು ವರ್ಷದಲ್ಲಿ ಮುಂದೂಡಿದ ನೇಮಕಾತಿ ಪರೀಕ್ಷೆಗಳನ್ನು ಎಣಿಸಿಕೊಳ್ಳಬಹುದು.

ಸೂಚನೆ ಅಂಟಿಸುವುದು ಸಿದ್ಧತೆಯ ಸಾಂಪ್ರದಾಯಿಕ ವಿಧಾನ. ‘ಸಂಬಂಧಪಟ್ಟವರು ಗಮನಿಸಬೇಕು’ ಎಂದು ಶುರುವಾಗುವ ಸೂಚನೆಯನ್ನು ತನಗೆ ಸಂಬಂಧಪಟ್ಟಿದ್ದೆಂದು ಈವರೆಗೆ ಯಾರೂ ಭಾವಿಸಿಲ್ಲ. ಫಲಕದ ಮೇಲೆ ಪದರ ಪದರವಾಗಿ ಕೂತ ಸೂಚನೆಗಳನ್ನು ಕೆರೆದು ನೋಡಿದರೆ ಕೆಳಗಿನ ಸ್ತರದಲ್ಲಿ ಹಿಂದಿನ ಜೀರ್ಣೋದ್ಧಾರದ ಸೂಚನೆ ಸಿಗುತ್ತದೆ, ಒಕ್ಕಣೆಯೂ ಅದೇ. ಮುಚ್ಚುವ ದಿನಾಂಕ, ತಾತ್ಕಾಲಿಕ ಓದುವ ಕೋಣೆ ಎಲ್ಲಿ, ಅಲ್ಲಿ ಫ್ಯಾನು ಎಷ್ಟು ಎಂಬ ಮೂರು ವಿಷಯ ಬರೆದ ಕಾಗದವನ್ನು ಚಹಾದಂಗಡಿಯ ಕಂಬಕ್ಕೆ ಅಂಟಿಸಿದರೆ ಕೆಲಸ ಅರ್ಧ ಆದಂತೆ.

ಎರವಲು ಪುಸ್ತಕ ಹಿಂದಿರುಗಿಸಿಕೊಳ್ಳಲು ವಿದ್ಯಾರ್ಥಿಗಳ ಮೇಲೆ ಬ್ರಹ್ಮಾಸ್ತ್ರವಿದೆ, ‘ನೋ ಡ್ಯೂ’ ಪ್ರಮಾಣಪತ್ರ. ಅಂಕಪಟ್ಟಿ ಬೇಕಾದ ದಿನ ಮಂಚದ ಕೆಳಗಿನ ಪುಸ್ತಕವೂ ನಡೆದು ಬರುತ್ತದೆ. ಅಧ್ಯಾಪಕರ ಮೇಲೆ ಈ ಅಸ್ತ್ರ ನಿವೃತ್ತಿಯವರೆಗೆ ನಾಟುವುದಿಲ್ಲ. ಅವರ ಮನೆಯ ಅಟ್ಟಗಳನ್ನು ಶಾಖಾ ಗ್ರಂಥಾಲಯಗಳೆಂದು ಪರಿಗಣಿಸಬೇಕೆಂಬ ವಾದಕ್ಕೆ ತೂಕವಿದೆ, ಏಕೆಂದರೆ ಜೀರ್ಣೋದ್ಧಾರದ ಕಾಲದಲ್ಲಿ ಪುಸ್ತಕ ಸುರಕ್ಷಿತವಾಗಿರುವುದು ಅಲ್ಲಿಯೇ.

ಬಾಗಿಲು ಮುಚ್ಚಿದಾಗ ಪರ್ಯಾಯವಾಗಿ ಇ-ಸಂಪನ್ಮೂಲಗಳನ್ನು ತೋರಿಸುವುದುಂಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕಾಲೇಜುಗಳಿಗೆ ಎನ್-ಲಿಸ್ಟ್ ಮೂಲಕ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಒದಗಿಸುತ್ತದೆ, ಶೋಧಗಂಗಾದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳಿವೆ. ಸಂಶೋಧಕರಿಗೆ ಇವು ನಿಜಕ್ಕೂ ದೊಡ್ಡ ಸೌಲಭ್ಯ, ಪಾಸ್‌ವರ್ಡ್ ಮೊದಲೇ ಕೊಟ್ಟಿರಬೇಕು ಅಷ್ಟೆ. ಕುರ್ಚಿವರ್ಗಕ್ಕೆ ವಿವರಿಸಿದಾಗ ಮಾತ್ರ ‘ಅದರಾಗ ಫ್ಯಾನ್ ಇರ್ತೈತೇನ್ರಿ ಸರ?’ ಎಂಬ ಪ್ರಶ್ನೆ ಬರುತ್ತದೆ. ಶಾಸ್ತ್ರ ಇದಕ್ಕೆ ಇನ್ನೂ ಉತ್ತರ ಕಂಡುಕೊಂಡಿಲ್ಲ.

ಕೊನೆಯ ಕ್ರಿಯೆ ಕೀಲಿಕೈ ಹಸ್ತಾಂತರ. ಕೀಲಿಕೈ ಮೂರು. ಒಂದು ಗುತ್ತಿಗೆದಾರರಿಗೆ, ಒಂದು ಎಂಜಿನಿಯರಿಂಗ್ ವಿಭಾಗಕ್ಕೆ, ಒಂದು ಗ್ರಂಥಪಾಲಕರಿಗೆ. ಮೂರಕ್ಕೂ ವಹಿಯಲ್ಲಿ ಸಹಿ ಆಗಬೇಕು. ನಸುಕಿನ ಐದೂವರೆಗೆ ಬಂದು ಬಾಗಿಲು ತೆರೆದು ಕಿಟಕಿ ಪಕ್ಕದ ಕುರ್ಚಿ ಹಿಡಿಯುವವರ ಬಳಿ ಇರುವ ನಾಲ್ಕನೆಯದನ್ನು ವಹಿಗೆ ಸೇರಿಸುವ ಪದ್ಧತಿಯಿಲ್ಲ.