ಹಸಿಗೋಡೆ ಮೀಮಾಂಸೆ

ಪೀಠಿಕೆ

ಆಟಿ ತಿಂಗಳು ಬರುವ ಮೊದಲೇ ಮನೆ ಒಕ್ಕಲು ಆಗಬೇಕೆಂಬುದು ಕರಾವಳಿಯ ಗೃಹಸ್ಥನ ಹಟ. ಆದ್ದರಿಂದ ಮೇ ತಿಂಗಳಲ್ಲಿ ಸಾರಣೆ, ಜೂನ್‌ನಲ್ಲಿ ಬಣ್ಣ, ಜುಲೈಯಲ್ಲಿ ಬೂಸಲು. ಈ ಕಾರ್ಯಕಾರಣ ಸಂಬಂಧವೇ ಪ್ರಸ್ತುತ ಪ್ರಬಂಧದ ವಿಷಯ.

ಪೂರ್ವಪಕ್ಷ

ಈ ಬಗ್ಗೆ ಮೂರು ಮತಗಳಿವೆ. ಮೇಸ್ತ್ರಿಮತದ ಪ್ರಕಾರ ದೋಷವೆಲ್ಲ ಪೇಂಟಿನದು. ಪೇಂಟರ್‌ಮತದಲ್ಲಿ ಪುಟ್ಟಿ ಹಚ್ಚುವ ಮೊದಲೇ ಗೋಡೆ ಕೆಟ್ಟಿತ್ತು. ಪ್ಲಂಬರ್‌ಮತ ಅನಿರ್ವಚನೀಯ, ಆಚಾರ್ಯರು ಫೋನ್ ಎತ್ತುವುದಿಲ್ಲ.

ಖಂಡನೆ

ಸಿಮೆಂಟು ತನ್ನ ತೂಕದ ಸುಮಾರು ಕಾಲುಭಾಗ ನೀರನ್ನು ಮಾತ್ರ ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತದೆ. 50 ಕೆ.ಜಿ. ಚೀಲಕ್ಕೆ 25 ಲೀಟರ್ ಸುರಿದರೆ ಅರ್ಧದಷ್ಟು ನೀರು ನಿರಾಶ್ರಿತ. ಸಾಲದ್ದಕ್ಕೆ 7 ದಿನ ಪೈಪು ಹಿಡಿದು ನೀರುಣಿಸಬೇಕು. ತಪ್ಪಿದರೆ ಸಾರಣೆ ಬಿರಿಯುತ್ತದೆ. ಹೀಗೆ ಒಳಹೊಕ್ಕ ನೀರು ಹೊರಡುವ ಮುನ್ನ ಗೋಡೆಗೆ ಬಣ್ಣ ಬಳಿದರೆ ಅದು ಬಣ್ಣವನ್ನೇ ಗುಳ್ಳೆಯೆಬ್ಬಿಸಿ ಹೊರಡುತ್ತದೆ. ಹೋಗುವಾಗ ಉಪ್ಪನ್ನು ಬಿಳಿ ಹುಡಿಯಾಗಿ ಬಿಟ್ಟುಹೋಗುತ್ತದೆ. ಅದನ್ನು ಒಣ ಬ್ರಶ್ಶಿನಿಂದ ಉಜ್ಜತಕ್ಕದ್ದು. ತೊಳೆದರೆ ಕರಗಿ ಪುನಃ ಗೃಹಪ್ರವೇಶ ಮಾಡುತ್ತದೆ.

ಪ್ರಮಾಣ ವಿಚಾರ

ಗೋಡೆಯ ಹನಿ ಒಳಗಿನದೋ ಹೊರಗಿನದೋ? ಇಲ್ಲಿ ನೆರೆಯವರ ಶಬ್ದಪ್ರಮಾಣ ಸಲ್ಲದು, ಪ್ರತ್ಯಕ್ಷವೇ ಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಗೋಡೆಯ ಕಡೆ ಹನಿಗೂಡಿದರೆ ಅದು ಅಂತರ್ಯಾಮಿ: ಕಾಯಿರಿ. ಹೊರಮೈಯಲ್ಲಿ ಕೂಡಿದರೆ ಆಗಂತುಕ: ಗಾಳಿಯದು. 27 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇ. 90 ಇದ್ದರೆ, 25 ಡಿಗ್ರಿಯ ಗೋಡೆ ಸೋಕಿದರೂ ಸಾಕು, ಬೆವರುತ್ತದೆ. ಕುಚ್ಚಲಕ್ಕಿ ಬೇಯುವ ಅಡುಗೆಮನೆಯಲ್ಲಿ ಇದಕ್ಕೆ ಬೇರೆ ಸಾಕ್ಷಿ ಬೇಡ.

ಆಕ್ಷೇಪ, ಸಮಾಧಾನ

"ಹೊರಗೂ ಹಸಿಗಾಳಿಯೇ, ಕಿಟಕಿ ತೆರೆದೇನು ಫಲ?" ಎಂದರೆ: ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆರೆಯಿರಿ. ಅಡುಗೆಯ ಹಬೆಯನ್ನು ಎಕ್ಸಾಸ್ಟ್ ಫ್ಯಾನಿನಿಂದ ಹೊರಗಟ್ಟಿ. ಕಪಾಟನ್ನು ಗೋಡೆಯಿಂದ ಗೇಣಷ್ಟು ದೂರವಿಡಿ. ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಹಾಕಿ ಫ್ಯಾನು ತಿರುಗಿಸುವುದು ಹಸಿಗೆ ಪ್ರದಕ್ಷಿಣೆ ಹಾಕಿಸುವುದಷ್ಟೇ.

ಸಿದ್ಧಾಂತ

ಯಜಮಾನನ ನಕ್ಷತ್ರ ನೋಡಿ ಮುಹೂರ್ತವಿಡಬಹುದು. ಬಣ್ಣದ ಮುಹೂರ್ತವನ್ನು ಗೋಡೆಯೇ ಇಡಬೇಕು. ಮಳೆಗಾಲ ಕಳೆಯುವ ತನಕ ಸುಣ್ಣವಾದರೂ ಸಾಕು.

ಫಲಶ್ರುತಿ

ಇದನ್ನು ಒಕ್ಕಲಿಗೆ ಮುಂಚೆ ಓದಿದವರಿಗೆ ಪೇಂಟಿನ ಖರ್ಚು ಒಂದೇ ಸಲ. ಆಮೇಲೆ ಓದಿದವರಿಗೆ ಕೇವಲ ಸಾಹಿತ್ಯಾನಂದ.